ಕೆಳಗೇರಿಯ ಕೊನೆಯ ಬಾವಿ

"ಕೇಳ್ರಪ್ಪೋ ಕೇಳ್ರಿ! ಊರಿನ ನಿವೇಶನ ಮಂಡಳಿಯಲ್ಲಿ ಐದನೆಯ ಪೀಠ ಖಾಲಿಯಾಗಿದೆ. ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಪೀಠ, ತಪ್ಪಿದವನಿಗೆ ಶೂಲ!"

ಡಂಗುರ ಕೇಳಿ ಕೆಳಗೇರಿಯ ತಿಪ್ಪಯ್ಯ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿದ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ನೀಲಿ ಬಣ್ಣದ ಗುಂಡಿ ಅಂತ ತೀರ್ಮಾನಿಸುವುದು ಈ ಮಂಡಳಿ. ಐವರೂ ಆ ಜಾಗವನ್ನು ಕಣ್ಣಾರೆ ನೋಡಿ, ಅಲ್ಲಿಂದ ಒಂದೊಂದು ಹಿಡಿ ಮಣ್ಣು ತಂದು ಗಡಿಗೆಗೆ ಹಾಕಿದರೆ ಮಾತ್ರ ಅಪ್ಪಣೆ. ಕಟ್ಟಳೆ ಚೆನ್ನಾಗಿಯೇ ಇತ್ತು. ಕೂತವರು ಎಂಥವರು ಅಂತ ಕೇಳಿ! ಉಳಿದ ನಾಲ್ವರೂ ಗುಡ್ಡದ ಮೇಲಿನವರು, ನಾಲ್ವರೂ ಬೀಗರು. ನೀಲಿ ಬಣ್ಣ ತೆಗೆಯಲು ಸೊಪ್ಪು ಕೊಳೆಸುವ ಗುಂಡಿಗಳನ್ನೆಲ್ಲ ಕೆಳಗೇರಿಗೇ ತಳ್ಳಿದ್ದರು. ಥೂ! ಅಲ್ಲಿ ತುತ್ತು ಬಾಯಿಗಿಟ್ಟರೆ ಹೊಟ್ಟೆಯಲ್ಲಿದ್ದದ್ದೂ ಹೊರಗೆ ಬರುತ್ತಿತ್ತು. ಬಾವಿಗಳೆಲ್ಲ ಕೆಟ್ಟು ಒಂದೇ ಒಂದು ಉಳಿದಿತ್ತು. ಈಗ ಅದರ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಲು ಮಂಡಳಿಯ ಹಿರಿಯ ರುದ್ರಪ್ಪಯ್ಯನ ಭಾವಮೈದುನ ಮಹಾಲಿಂಗ ಹೊಂಚು ಹಾಕಿದ್ದ. ನಾಲ್ಕು ಹಿಡಿ ಮಣ್ಣು ಬಿದ್ದಾಗಿತ್ತು. ಐದನೆಯದನ್ನೂ ತಾನೇ ಹಾಕೋಣವೆಂದು ಪೀಠಕ್ಕೂ ಅವನೇ ಮುಂದೆ. ನಾಚಿಕೆಗೆಟ್ಟವನು!

"ಹೋಗಬೇಡವೋ ತಮ್ಮಾ," ಎಂದು ಅಕ್ಕ ಅತ್ತಳು.

"ಆ ಬಾವಿಯೂ ಹೋದ ಮೇಲೆ ಇದ್ದು ಏನು ಮಾಡೋದಕ್ಕಾ?" ಎಂದು ತಿಪ್ಪಯ್ಯ ಹೊರಟ.

ತುಂಬಿದ ಸಭೆಯಲ್ಲಿ ರಾಜ ಕೂತಿದ್ದ, ಪಕ್ಕಕ್ಕೆ ಮಣ್ಣಿನ ಗಡಿಗೆ ಇಟ್ಟುಕೊಂಡು ಮಂಡಳಿಯ ನಾಲ್ವರು. ರಾಜಕುಮಾರಿ ಚೆನ್ನಾಜಿ ಕೇಳಿದಳು: "ಕಾಲಿಲ್ಲದೆ ಗೋಡೆ ದಾಟುತ್ತದೆ, ಕೇಳದೆ ಮನೆ ಹೊಗುತ್ತದೆ, ಹುಟ್ಟಿಸಿದವನ ಮನೆಗೆ ಮಾತ್ರ ಹೋಗುವುದಿಲ್ಲ. ಏನದು?"

ಒಬ್ಬ ರತ್ನದ ವ್ಯಾಪಾರಿ ಹಲ್ಲು ಕಿರಿದು, "ಮಹಾರಾಜರ ಕೀರ್ತಿ," ಎಂದ. ಸಂಜೆಯ ಶೂಲಕ್ಕೆಂದು ಭಟರು ಎಳೆದೊಯ್ದು ಕೂಡಿಹಾಕಿದರು. ಮಹಾಲಿಂಗ ಮೂಗಿಗೆ ಅತ್ತರಿನ ಬಟ್ಟೆ ಹಿಡಿದುಕೊಂಡೇ, "ಮಲ್ಲಿಗೆಯ ಕಂಪು," ಎಂದ. ಅವನನ್ನೂ ಎಳೆದೊಯ್ದರು. ಉಳಿದವರು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ನಾತ, ತಾಯಿ," ಎಂದ ತಿಪ್ಪಯ್ಯ. "ಬಣ್ಣದ ಗುಂಡಿಯ ನಾತ."

"ಕೆಡಿಸಿದವನು ಕುಡಿಯುವುದಿಲ್ಲ, ಕುಡಿಯುವವನನ್ನು ಯಾರೂ ಕೇಳಲಿಲ್ಲ. ಏನದು?"

"ನಮ್ಮ ಬಾವಿಗಳ ನೀರು."

ರಾಜಕುಮಾರಿಯ ದನಿ ಗಡುಸಾಯಿತು. "ಕೆಳಗೇರಿಯ ಹೆಸರು ಹೇಳಿಕೊಂಡು ಅರಮನೆಗೆ ಬಂದಿದೆ, ಕೆಳಗೇರಿಯನ್ನೇ ಕಂಡಿಲ್ಲ. ಏನದು?"

ತಿಪ್ಪಯ್ಯ ಒಗಟನ್ನು ಬಾಯಲ್ಲೇ ಮತ್ತೊಮ್ಮೆ ಹೇಳಿಕೊಂಡ. ತಲೆ ತಗ್ಗಿಸಿ ಕಾಲು ನೋಡಿಕೊಂಡ. ಪಾದಕ್ಕೆ ಮೆತ್ತಿದ್ದ ಕೇರಿಯ ಮಣ್ಣು ನೀಲಿ. ಮಂಡಳಿಯವರ ಮುಂದಿದ್ದ ಗಡಿಗೆಯ ಕಡೆ ಕಣ್ಣು ಹೋಯಿತು. ಅದರಲ್ಲಿದ್ದದ್ದು ಗುಡ್ಡದ ಕೆಮ್ಮಣ್ಣು.

"ಈ ಗಡಿಗೆಯ ಮಣ್ಣು, ತಾಯಿ! ಇವರು ನಮ್ಮ ಕೇರಿಗೆ ಕಾಲೇ ಇಟ್ಟಿಲ್ಲ. ತಮ್ಮ ಹೂದೋಟದ್ದನ್ನ ತಂದು ಸುರಿದಿದ್ದಾರೆ!"

ನಾಲ್ವರ ಮುಖವೂ ಇಳಿದುಹೋಯಿತು. ರಾಜ ಸಿಂಹಾಸನದಿಂದೆದ್ದು, "ಇವರನ್ನೂ ಶೂಲಕ್ಕೆ ಹಾಕಿ!" ಎಂದು ಗುಡುಗಿದ.

"ಇವರ ಹೆಣ ತಗೊಂಡು ನಾವೇನು ಮಾಡೋಣ ಬುದ್ಧೀ?" ಎಂದ ತಿಪ್ಪಯ್ಯ. "ಇವರೂ ಸೋತವರೂ ನಮ್ಮ ಕೇರಿಯಲ್ಲಿ ಮನೆ ಮಾಡಲಿ. ಗುಂಡಿಗಳನ್ನ ಮುಚ್ಚುವ ತನಕ ಕೆಟ್ಟ ಬಾವಿಯ ನೀರೇ ಕುಡಿಯಲಿ."

ರಾಜ ಒಪ್ಪಿದ. ಐದನೆಯ ಪೀಠ ಏರಿದ ತಿಪ್ಪಯ್ಯ ಮೊದಲು ಮಾಡಿದ ಕೆಲಸ, ಆ ಗಡಿಗೆಯನ್ನು ಬೋರಲು ಹಾಕಿದ್ದು. ಕೊನೆಯ ಬಾವಿ ಉಳಿಯಿತು.

ಮರುದಿನ ರುದ್ರಪ್ಪಯ್ಯ ಕೆಳಗೇರಿಯ ಜಗಲಿಯಲ್ಲಿ ಮೂಗು ಮುಚ್ಚಿ ಕೂತಿದ್ದ. ಅಕ್ಕ ಚೊಂಬಿನಲ್ಲಿ ನೀಲಿ ನೀರು ತಂದಿಟ್ಟಳು. ಅವನು ಮುಖ ತಿರುಗಿಸಿದ.

"ಕುಡೀರಿ ಅಯ್ಯಾ," ಎಂದಳು ಅವಳು. "ಹೋದ ಬೇಸಗೆ ನಮ್ಮ ಮಕ್ಕಳು ಇದನ್ನೇ ಕುಡಿದರು."

ಅವನು ಚೊಂಬನ್ನು ಪಕ್ಕಕ್ಕೆ ಸರಿಸಿ, ತಲೆ ಎತ್ತದೆ ಗುದ್ದಲಿ ಕೇಳಿದ.