ಗಟ್ಟಿ ಸ್ಪ್ರಿಂಗಿನ ಟೆನ್ಷನರ್

"ಗುರುಗಳೇ, ಭಯವಿದ್ದರೆ ತಾನೇ ಮನುಷ್ಯ ಎಚ್ಚರವಾಗಿರುತ್ತಾನೆ? ಅದನ್ನು ಬಿಡು ಎಂದು ಏಕೆ ಹೇಳುತ್ತೀರಿ?" ಎಂದು ಶಿಷ್ಯ ರುದ್ರಮುನಿ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಘಟ್ಟದ ಮೇಲಿನ ಊರೊಂದರಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಹೆರಿಗೆ ನೋವು ಬಂದಾಗ, ಆಸ್ಪತ್ರೆಗೆ ಹೊರಟ ಬಾಡಿಗೆ ಜೀಪು ಘಟ್ಟದ ನಡುವೆ ಕೆಟ್ಟು ನಿಂತಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಆ ಮಗುವೇ ಬೆಳೆದು, ಮದುವೆಯಾಗಿ, ಈಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಸ್ಪತ್ರೆ ಇನ್ನೂ ಘಟ್ಟದ ಕೆಳಗೇ ಇತ್ತು.

ವ್ಯಾಪಾರಿಯ ಬಳಿ ಹಳೆಯ ಕಾರೊಂದಿತ್ತು. ಮಗಳು ಬಂದ ಮೇಲೆ ಅವನು ಅದರ ಸದ್ದಿಗೆ ಕಿವಿಗೊಟ್ಟೇ ದಿನ ಕಳೆಯುತ್ತಿದ್ದ. ಒಂದು ಬೆಳಿಗ್ಗೆ ಬಾನೆಟ್ಟಿನೊಳಗಿಂದ ಕೀರಲು ಸದ್ದು ಬಂತು. ಅವನು ಕೂಡಲೇ ಕಾರನ್ನು ಮೆಕ್ಯಾನಿಕ್‌ನ ಬಳಿಗೆ ಒಯ್ದ.

ಮೆಕ್ಯಾನಿಕ್ ನೋಡಿ, "ಎಂಜಿನ್ ತಣಿಸುವ ನೀರಿನ ಪಂಪಿಗೂ ಸ್ಟಿಯರಿಂಗಿಗೂ ಬಲ ಕೊಡುವ ಬೆಲ್ಟು ಜಾರುತ್ತಿದೆ. ಅದನ್ನು ಎಳೆದು ಹಿಡಿಯುವ ಟೆನ್ಷನರಿನ ಸ್ಪ್ರಿಂಗು ಸೋತಿದೆ. ಹೊಸದು ಹಾಕಿದರಾಯಿತು" ಎಂದ. ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋದರು. ಅಲ್ಲಿ ಎರಡು ಟೆನ್ಷನರ್ ಸಿಕ್ಕವು. ಒಂದು ಆ ಕಾರಿಗೆಂದೇ ಮಾಡಿದ್ದು. ಇನ್ನೊಂದು ದೊಡ್ಡ ವ್ಯಾನಿನದು. ಅದೂ ಕಾರಿಗೆ ಕೂರುತ್ತಿತ್ತು, ಆದರೆ ಸ್ಪ್ರಿಂಗು ಬಹಳ ಗಟ್ಟಿ.

ವ್ಯಾಪಾರಿ ಎರಡನ್ನೂ ಮೇಜಿಗೆ ಅದುಮಿ ನೋಡಿದ. ಕಾರಿನದು ಸ್ವಲ್ಪ ಮಣಿಯಿತು. ಅದು ಮಣಿದದ್ದನ್ನು ಕಂಡೇ ಅವನು ಅದನ್ನು ಪಕ್ಕಕ್ಕೆ ಸರಿಸಿದ. ಇನ್ನೊಂದು ಅಲುಗಲಿಲ್ಲ.

"ಇದನ್ನೇ ಹಾಕು" ಎಂದ.

"ಬೇಡ ಯಜಮಾನರೇ, ಇದು ಬೆಲ್ಟನ್ನು ಅತಿಯಾಗಿ ಎಳೆಯುತ್ತದೆ. ನೀರಿನ ಪಂಪಿನ ಬೇರಿಂಗು ತಡೆಯುವುದಿಲ್ಲ."

"ಬೆಲ್ಟು ಜಾರುತ್ತದೆಯೋ ಇಲ್ಲವೋ, ಅಷ್ಟು ಹೇಳು."

"ಜಾರುವುದಿಲ್ಲ. ಆದರೆ..."

ಮುಂದಿನದನ್ನು ವ್ಯಾಪಾರಿ ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದುದು ಘಟ್ಟದ ನಡುವೆ ನಿಂತ ಜೀಪು ಮಾತ್ರ.

ಕೀರಲು ಸದ್ದು ಅಡಗಿತು. ಅಂದು ಅವನು ಹೊಟ್ಟೆ ತುಂಬ ಉಂಡ. ಕೆಲವು ವಾರಗಳ ಮೇಲೆ ಮಗಳಿಗೆ ನೋವು ಕಾಣಿಸಿಕೊಂಡಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟ. ಇಳಿಜಾರಿನಲ್ಲಿ ಎಂಜಿನ್ನಿನೊಳಗೆ ಏನೋ ಗರಗರನೆ ಅರೆಯತೊಡಗಿತು. ಅವನು ಕಾರು ನಿಲ್ಲಿಸಲಿಲ್ಲ. ನಿಲ್ಲಿಸುವುದಕ್ಕೇ ಅವನಿಗೆ ಹೆದರಿಕೆ. ಪಂಪಿನ ಬೇರಿಂಗು ಪುಡಿಯಾಗಿ ಪಂಪು ಸಿಕ್ಕಿಕೊಂಡಿತು. ಬೆಲ್ಟು ಹರಿಯಿತು. ಸರಿಯಾಗಿ ತಿರುವಿನಲ್ಲೇ ಸ್ಟಿಯರಿಂಗು ಕಲ್ಲಾಯಿತು. ಮುಂದೆ ಕಣಿವೆ.

ಅವನು ಮೈಭಾರವನ್ನೆಲ್ಲ ಹಾಕಿ ಸ್ಟಿಯರಿಂಗನ್ನು ಎಳೆದ, ಬ್ರೇಕು ತುಳಿದೇ ಇದ್ದ. ಕಾರು ತಡೆಗೋಡೆಗೆ ಉಜ್ಜಿಕೊಂಡು ಹೋಗಿ ನಿಂತಿತು. ಅದುವರೆಗೆ ನರಳುತ್ತಿದ್ದ ಮಗಳ ದನಿಯೂ ನಿಂತಿತು. ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ರಸ್ತೆಯನ್ನೇ ನೋಡುತ್ತಾ ಕೂತ.

"ಅಪ್ಪಾ, ಯಾರನ್ನಾದರೂ ಕರಿ" ಎಂದಳು ಮಗಳು. ಆಗ ಅವನಿಗೆ ಉಸಿರು ಬಂತು.

ಹಿಂದೆ ಬಂದ ತರಕಾರಿ ಟೆಂಪೋದವರು ಅವಳನ್ನು ಕೂರಿಸಿಕೊಂಡು ಇಳಿದರು. ಆಸ್ಪತ್ರೆಯ ಬಾಗಿಲಲ್ಲೇ ಹೆರಿಗೆಯಾಯಿತು. ಮಗು ಉಳಿಯಿತು, ತಾಯಿಯೂ ಉಳಿದಳು. ಮರುವಾರ ವ್ಯಾಪಾರಿ ಅದೇ ಮೆಕ್ಯಾನಿಕ್‌ನ ಬಳಿಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರುದ್ರಮುನಿ ನಿಟ್ಟುಸಿರು ಬಿಟ್ಟ.

"ಸದ್ಯ, ಅಂತೂ ಅವನಿಗೆ ಬುದ್ಧಿ ಬಂತಲ್ಲ. ಈ ಸಲ ಕಾರಿಗೆ ತಕ್ಕದ್ದನ್ನೇ ಕೇಳಿದನೇ?"

"ಇಲ್ಲ, ಇದಕ್ಕಿಂತಲೂ ಗಟ್ಟಿಯಾದದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದ" ಎಂದರು ಗುರುಗಳು.