ಮೂಲೆಯ ಚುಕ್ಕೆ

"ಏಳು ದಿನ, ನೂರ ಎಂಬತ್ತು ಚಿತ್ರ. ಚಿತ್ರೋತ್ಸವದ ಪೂರ್ತಿ ಪ್ರಯೋಜನ ಸಿಗಬೇಕು ಅಂದ್ರೆ ಹೇಗೆ ನೋಡ್ಬೇಕು, ಮೇಷ್ಟ್ರೇ?" ಎಂದು ಹರಿಣಿ ಕೇಳಿದಳು.

ಪುಟ್ಟಸ್ವಾಮಯ್ಯನವರು ಹಾಸನದಲ್ಲಿ ಮೂವತ್ತು ವರ್ಷ ಫಿಲ್ಮ್ ಸೊಸೈಟಿ ನಡೆಸಿದವರು. ಚಿತ್ರ ನೋಡುವುದನ್ನು ಹರಿಣಿ ಅವರಿಂದ ಕಲಿಯುತ್ತಿದ್ದಳು. ಅವಳ ಕೈಯಲ್ಲಿ ಒಂದು ಹಾಳೆ ಇತ್ತು. ದಿನಕ್ಕೆ ಐದರಂತೆ ಚಿತ್ರಗಳ ಪಟ್ಟಿ ಹಾಕಿದ್ದಳು. ಮುಂದಿನದಕ್ಕೆ ಸೀಟು ಸಿಗಲೆಂದು ಪ್ರತಿ ಚಿತ್ರದಿಂದಲೂ ಹತ್ತು ನಿಮಿಷ ಮೊದಲೇ ಏಳಬೇಕು ಎಂದೂ ಬರೆದುಕೊಂಡಿದ್ದಳು. ಮೇಷ್ಟ್ರು ಹಾಳೆ ಓದಿ ಹಿಂದಕ್ಕೆ ಕೊಟ್ಟರು. ಒಂದು ಕತೆ ಹೇಳಿದರು.

ಒಂದು ತಾಲ್ಲೂಕು ಊರು. ಅಲ್ಲೊಂದು ಚಿತ್ರಮಂದಿರ. ಅದರಲ್ಲಿ ಒಬ್ಬ ಆಪರೇಟರ್.

ಆಗ ಚಿತ್ರ ರೀಲುಗಳಲ್ಲಿ ಬರುತ್ತಿತ್ತು. ಒಂದು ಚಿತ್ರಕ್ಕೆ ಹದಿನಾರು ರೀಲು. ಮೇಲಿನ ಕೋಣೆಯಲ್ಲಿ ಎರಡು ಯಂತ್ರ. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಓಡತೊಡಗಬೇಕು. ಅದಕ್ಕೆ ಗುರುತೆಂದರೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಬರುವ ಒಂದು ಚುಕ್ಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಮೊದಲ ಚುಕ್ಕೆಗೆ ಯಂತ್ರ ಚಾಲೂ, ಎರಡನೆಯದಕ್ಕೆ ಬದಲಾವಣೆ. ತಪ್ಪಿದರೆ ಪರದೆ ಬೆಳ್ಳಗಾಗುತ್ತದೆ, ಕೆಳಗೆ ಸಿಳ್ಳೆ ಏಳುತ್ತದೆ, ಆಪರೇಟರನ ಅಪ್ಪ ಅಮ್ಮನ ವಿಚಾರ ಬರುತ್ತದೆ.

ಈ ಆಪರೇಟರ್ ಮೂವತ್ತೊಂದು ವರ್ಷದಲ್ಲಿ ಒಂದು ಚುಕ್ಕೆಯನ್ನೂ ತಪ್ಪಿಸಲಿಲ್ಲ. ಅದು ಅವನ ಹೆಮ್ಮೆ. ರೀಲಿನ ಮೊದಲರ್ಧದಲ್ಲಿ ಹಿಂದಿನ ರೀಲನ್ನು ಸುತ್ತಿಡುವನು. ಉಳಿದರ್ಧದಲ್ಲಿ ಕಿಂಡಿಗೆ ಒಂದು ಕಣ್ಣಿಟ್ಟು ಮೂಲೆ ನೋಡುವನು.

ಅವನ ಹೆಂಡತಿಗೆ ಚಿತ್ರವೆಂದರೆ ಪ್ರಾಣ. ಒಂದು ವರ್ಷ ಒಂದು ಚಿತ್ರ ಆ ಊರಿನಲ್ಲಿ ಏಳು ವಾರ ಓಡಿತು. ವಾರಕ್ಕೆ ಎರಡು ಸಲ ಅವಳು ಮಧ್ಯಾಹ್ನದ ಆಟಕ್ಕೆ ಬಂದು ಹೆಂಗಸರ ಬೆಂಚಿನಲ್ಲಿ ಕೂತು ನೋಡಿದಳು. ಆಟ ಮುಗಿದು ಅವನು ಊಟಕ್ಕೆ ಹೋದಾಗ, ಬಡಿಸುತ್ತ ಕೇಳುವಳು.

"ಬಾವಿ ಹತ್ರ ಅವಳು ಒಂದು ಗಳಿಗೆ ನಿಲ್ತಾಳಲ್ಲ, ನೋಡಿದ್ರಾ?"

"ಹ್ಞೂಂ" ಅನ್ನುವನು. ನೋಡಿರಲಿಲ್ಲ. ಬಾವಿ ಬರುವುದು ಒಂಬತ್ತನೆಯ ರೀಲಿನ ಕೊನೆಗೆ. ಚುಕ್ಕೆ ಬರುವುದೂ ಆಗಲೇ.

ಏಳನೆಯ ವಾರದ ಕೊನೆಯ ದಿನ ಅವಳಿಗೆ ಗೊತ್ತಾಗಿಹೋಯಿತು. "ಸುಳ್ಳು. ನೋಡಿದ್ರೆ ನೀವು ಹೀಗೆ ತಲೆ ಬಗ್ಗಿಸ್ಕೊಂಡು ಉಣ್ತಿರಲಿಲ್ಲ" ಎಂದು ನಕ್ಕಳು. ಈ ಚಿತ್ರ ಮತ್ತೆ ಬಂದಾಗ ಖಂಡಿತ ನೋಡುತ್ತೇನೆ ಎಂದು ಅವನು ಮಾತು ಕೊಟ್ಟ. ಚಿತ್ರ ಮತ್ತೆ ಬರಲಿಲ್ಲ. ವರ್ಷಗಳು ಹೋದವು. ಹೆಂಡತಿ ತೀರಿಕೊಂಡಳು. ಚಿತ್ರಮಂದಿರ ಮುಚ್ಚಿತು. ಯಂತ್ರಗಳನ್ನು ಗುಜರಿಯವನು ಬಿಚ್ಚಿಕೊಂಡು ಹೋದ. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಆಪರೇಟರ್ ಹೇಳುತ್ತಿದ್ದ. ಬರಬರುತ್ತ ಕೇಳುವವರೂ ಇಲ್ಲವಾದರು.

ಹೀಗಿರುವಾಗ ಬೆಂಗಳೂರಿನಲ್ಲಿ ಒಂದು ಚಿತ್ರೋತ್ಸವ. ಅಲ್ಲಿ ಇನ್ನೂ ರೀಲುಗಳೇ ಓಡುತ್ತಿದ್ದವು. ಹಳೆಯ ಚಿತ್ರಗಳ ಸಾಲಿನಲ್ಲಿ ಆ ಚಿತ್ರದ ಹೆಸರಿತ್ತು. ಮೂರನೆಯ ದಿನ ಬೆಳಿಗ್ಗೆ, ಒಂದೇ ಆಟ. ಎಲ್ಲೋ ಉಳಿದಿದ್ದ ಒಂದೇ ಪ್ರಿಂಟನ್ನು ತರಿಸಿದ್ದರು. ಬಿಡಿ ಟಿಕೆಟ್ ಇರಲಿಲ್ಲ, ಏಳು ದಿನಕ್ಕೂ ಸೇರಿ ಪಾಸು. ಪಾಸು ಮಾಡಿಸಿದ ಮೇಲೆ ಸುಮ್ಮನೆ ಯಾಕೆ ಬಿಡಬೇಕು ಎಂದು ಮೊದಲ ದಿನದಿಂದಲೇ ಹೋದ.

ಜನರ ನಡುವೆ ಕೂತು ಅವನು ಚಿತ್ರ ನೋಡಿದ್ದು ಬಾಳಿನಲ್ಲಿ ಅದೇ ಮೊದಲು. ಎರಡು ದಿನದಲ್ಲಿ ಒಂಬತ್ತು ಚಿತ್ರವಾಯಿತು. ಪ್ರತಿ ಚುಕ್ಕೆಗೂ ಅವನು ಎದ್ದು ನಿಂತ. ಬಲಗೈ ತಾನಾಗಿ ಇಲ್ಲದ ಸ್ವಿಚ್ಚಿಗೆ ಹೋಗುತ್ತಿತ್ತು. ಯಜಮಾನರ ತಲೆ ಎಲ್ಲ ಚಿತ್ರದಲ್ಲೂ ಪಾರ್ಟು ಮಾಡಿದೆ, ಹೆಸರು ತೋರಿಸುವಾಗ ಅದನ್ನೂ ಸೇರಿಸಿ ಎಂದು ಹಿಂದಿನ ಸಾಲಿನವನೊಬ್ಬ ಹೇಳಿದ. ಸುತ್ತಲಿನವರು ನಕ್ಕರು.

ಎರಡನೆಯ ದಿನ ಸಂಜೆ ಕ್ಯಾಂಟೀನಿನಲ್ಲಿ ಪಕ್ಕದವನು, ನೋಡಿದ್ದರಲ್ಲಿ ಯಾವುದು ಹಿಡಿಸಿತು ಎಂದು ಕೇಳಿದ. ಆಪರೇಟರ್ ಬಾಯಿ ತೆರೆದ. ಯಾವುದಕ್ಕೆ ಎಷ್ಟು ರೀಲು, ಯಾವುದರಲ್ಲಿ ತುಂಡಾದ ರೀಲನ್ನು ಎಲ್ಲಿ ಅಂಟಿಸಿದ್ದಾರೆ, ಎಲ್ಲಿ ಬದಲಾವಣೆ ತಡವಾಯಿತು, ಎಲ್ಲ ನೆನಪಿತ್ತು. ಕತೆ ಒಂದೂ ನೆನಪಿರಲಿಲ್ಲ. ಅವನು ಕಾಫಿ ಲೋಟ ಕೆಳಗಿಟ್ಟ. ನಾಳೆ ಬಾವಿ ಬಂದಾಗಲೂ ತಾನು ನೋಡುವುದು ಚುಕ್ಕೆಯನ್ನೇ. ಇನ್ನೊಮ್ಮೆ ಆ ಚಿತ್ರ ಬರುವವರೆಗೆ ತಾನಿರುವುದಿಲ್ಲ.

ಮೂರನೆಯ ದಿನ ಬಾಗಿಲು ತೆರೆದೊಡನೆ ಎಲ್ಲರೂ ನಡುವಿನ ಸೀಟುಗಳಿಗೆ ಕರ್ಚೀಫು ಹಾಕಲು ಓಡಿದರು. ಅವನು ಕೊನೆಯ ಸಾಲಿಗೆ ಹೋದ. ಹಿಂದೆ ಗೋಡೆ ಮಾತ್ರ ಇತ್ತು. ದೀಪ ಆರಿದ ಮೇಲೆ ಒಂದು ಕಣ್ಣು ಮುಚ್ಚಿದ. ಬಲಗೈ ಮುಂದೆ ಚಾಚಿ ಅಂಗೈಯಿಂದ ಪರದೆಯ ಮೂಲೆಯನ್ನು ಮರೆಮಾಡಿದ. ಬಲಗೈ ಸೋತಾಗ ಎಡಗೈ. ಎಡಗೈ ಸೋತಾಗ ಮತ್ತೆ ಬಲಗೈ.

ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಕೇಳಿದಳು.

"ಯಾರನ್ನ ಕರೀತಿದ್ದೀರಿ, ತಾತ?"

"ಯಾರನ್ನೂ ಇಲ್ಲ ತಾಯಿ. ಅಲ್ಲೊಂದು ಚುಕ್ಕೆ ಬರ್ತದೆ. ಅದು ಕಂಡ್ರೆ ನನಗೆ ಚಿತ್ರ ಕಾಣಲ್ಲ."

ಅವಳಿಗೆ ಎಷ್ಟು ತಿಳಿಯಿತೋ ಏನೋ. ಎಂಟನೆಯ ರೀಲಿನ ಹೊತ್ತಿಗೆ ಅವನ ಎರಡು ಕೈಯೂ ಸೋತು ಇಳಿಯತೊಡಗಿದವು. ಅವಳು ತನ್ನ ಚೀಲವನ್ನು ಅವನ ಮೊಣಕೈ ಕೆಳಗೆ ಆಸರೆಯಾಗಿ ಇಟ್ಟಳು.

ಬಾವಿ ಬಂತು. ರೀಲಿನ ಕೊನೆಯ ಗರಗರ ಸದ್ದು ಕೇಳಿತು. ಕಾಲು ಏಳಲು ನೋಡಿತು. ಅವನು ಏಳಲಿಲ್ಲ.

ಪರದೆಯ ಮೇಲೆ ಹುಡುಗಿ ಕೊಡ ಕೆಳಗಿಟ್ಟಳು. ಒದ್ದೆ ಕೈಯ ಹಿಂಬದಿಯಿಂದ ಹಣೆಯ ಕೂದಲು ಸರಿಸಿದಳು. ಯಾರೋ ಕರೆದಂತಾಗಿ ತಿರುಗಿ ನೋಡಿದಳು, ಯಾರೂ ಇಲ್ಲದ್ದನ್ನು ಕಂಡು ತನಗೆ ತಾನೇ ನಕ್ಕಳು, ಕೊಡ ಎತ್ತಿಕೊಂಡು ಹೋದಳು. ಅಷ್ಟೇ. ಕೂತಿದ್ದ ಜನ ಅದನ್ನು ಗಮನಿಸಲೂ ಇಲ್ಲ.

ಆಪರೇಟರ್ ಅದನ್ನು ಎಷ್ಟೋ ಸಲ ನೋಡಿದ್ದ. ಅಡುಗೆಮನೆಯ ಬಾಗಿಲಲ್ಲಿ, ಬಡಿಸುವ ಮೊದಲು. ಸೌಟು ಕೆಳಗಿಟ್ಟು, ಒದ್ದೆ ಕೈಯ ಹಿಂಬದಿಯಿಂದ ಕೂದಲು ಸರಿಸಿ, ತಿರುಗಿ ನೋಡಿ, ತನಗೆ ತಾನೇ ನಗುವುದು. ಆ ಏಳು ವಾರದಲ್ಲಿ ತೊಡಗಿ ಸಾಯುವ ತನಕವೂ ಅವಳು ಹಾಗೆ ಮಾಡಿದ್ದಳು. ಅದು ಅವಳ ಚಾಳಿ ಎಂದುಕೊಂಡು ಅವನು ಉಣ್ಣುತ್ತಿದ್ದ.

ಅವನು ಕೈ ಇಳಿಸಿದ. ಉಳಿದ ರೀಲುಗಳ ಚುಕ್ಕೆಗಳು ಬಂದು ಹೋದವು. ಅವನು ಕೂತೇ ಇದ್ದ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಇನ್ನೂ ನಾಲ್ಕು ದಿನ ಇತ್ತಲ್ಲ, ಆಮೇಲೆ ಎಷ್ಟು ಚಿತ್ರ ನೋಡಿದ ಎಂದು ಹರಿಣಿ ಕೇಳಿದಳು.

"ಒಂದೂ ಇಲ್ಲ. ಅವತ್ತು ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದ."

ಹರಿಣಿ ಹಾಳೆಯಲ್ಲಿ, ಹತ್ತು ನಿಮಿಷ ಮೊದಲೇ ಏಳಬೇಕು ಎಂದು ಬರೆದಿದ್ದನ್ನು ಹೊಡೆದುಹಾಕಿದಳು.