ತಂತಿಗೆ ಕೊಟ್ಟ ಬಾಡಿಗೆ

ಮಾರ್ಚ್ ಒಂಬತ್ತು, ಸೋಮವಾರ. ಬೆಳಗಿನಿಂದಲೇ ಒಣಗಾಳಿ ಬೀಸುತ್ತಿತ್ತು. ಗೋಡೆಯ ಮೊಳೆಗೆ ನೇತುಬಿದ್ದ ಕೊಕ್ಕೆತಂತಿ ತನ್ನ ಮೈಗೆ ಚುಚ್ಚಿ ಪೋಣಿಸಿದ್ದ ಮೂರು ತಲೆಮಾರಿನ ಕಾಗದಗಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಗೆದ್ದಲು ಆಗಲೇ ಅರ್ಧ ಗೋಡೆ ಹತ್ತಿತ್ತು.

"ನಮ್ಮ ಮನಿ ಕಾಗದ ಗೆದ್ದಲಿಗೆ ಹಾಕೂದಿಲ್ಲ ನಾ," ಎನ್ನುತ್ತ ಗುರುಬಸವ್ವ ಹಳೆಯ ಕಾಗದ ಕಾಪಿಡುವ ಊರ ಪತ್ರಾಗಾರದವರು ಕೊಟ್ಟ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಕೊಡಪ್ಪಾ ತಂತಿರಾಯ, ಇನ್ನು ನಾನು ನೋಡಿಕೊಳ್ಳುತ್ತೇನೆ," ಎಂದಿತು ಪೆಟ್ಟಿಗೆ.

"ನಿನಗೆ ಕೊಕ್ಕೆಯೇ ಇಲ್ಲ, ಗಾಳಿಗೆ ಹಾರಿಹೋದರೆ? ನಾನು ಇಷ್ಟು ವರ್ಷ ಒಂದನ್ನೂ ಬೀಳಿಸಿಲ್ಲ, ಬಿಡಿಗಾಸು ಬಾಡಿಗೆಯನ್ನೂ ಕೇಳಿಲ್ಲ," ಎಂದಿತು ತಂತಿ.

ಗುರುಬಸವ್ವ ಒಂದೊಂದೇ ಕಾಗದ ಬಿಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದಳು. ಒಂದೂ ಹಾರಲಿಲ್ಲ. ತಂತಿಯ ಜೀವ ಹಗುರಾಯಿತು. ಕೊನೆಗೆ ತಳದಲ್ಲಿದ್ದ ಹಳೆಯ ಕಾಗದವೂ ಬಿಚ್ಚಿಕೊಂಡಿತು. ಅದರ ನಟ್ಟನಡುವೆ ತಂತಿ ಚುಚ್ಚಿದ ತೂತಿತ್ತು.

"ಇಲ್ಲೇನು ಬರೆದಿತ್ತು?" ತಂತಿ ಮೆಲ್ಲಗೆ ಕೇಳಿತು.

"ಆಗಷ್ಟೇ ಹುಟ್ಟಿದ ಕೂಸಿಗೆ ಇಟ್ಟ ಹೆಸರು," ಎಂದಿತು ಕಾಗದ. "ನೊಂದುಕೊಳ್ಳಬೇಡ, ತಂತಿರಾಯ. ಗೆದ್ದಲಾಗಿದ್ದರೆ ನಮ್ಮನ್ನು ಇಡಿಯಾಗಿಯೇ ಕೇಳುತ್ತಿತ್ತು. ನಿನಗೆ ನಾವು ಕೊಟ್ಟ ಬಾಡಿಗೆ ತಲೆಗೊಂದು ಪದ, ಅಷ್ಟೇ."